ರಸ್ತೆ ಏರಬಹುದು, ಬೋರ್ಡು ಏರಕೂಡದು

ಬೆಂಗಳೂರು–ಮೈಸೂರು ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಲೋಕಾರ್ಪಣೆ ಮಾಡುವಾಗ, ಎರಡು ನಗರಗಳ ನಡುವಿನ ಪ್ರಯಾಣ ಸುಮಾರು ಮೂರು ಗಂಟೆಯಿಂದ 75 ನಿಮಿಷಕ್ಕೆ ಇಳಿಯುತ್ತದೆಂದು ಸರ್ಕಾರ ಹೆಮ್ಮೆಯಿಂದ ಹೇಳಿತು. ಹೀಗೆ ಉಳಿತಾಯವಾದ ಒಂದೂಮುಕ್ಕಾಲು ಗಂಟೆಯಲ್ಲಿ ಜನ ಈ ಹಿಂದೆ ಏನು ಮಾಡುತ್ತಿದ್ದರೆಂದು ಯಾರೂ ವಿಚಾರಿಸಲಿಲ್ಲ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿದ್ದರು, ಚನ್ನಪಟ್ಟಣದಲ್ಲಿ ಮಕ್ಕಳ ಹಟಕ್ಕೆ ಮಣಿದು ಬೊಂಬೆ ಕೊಳ್ಳುತ್ತಿದ್ದರು, ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಳ್ಳುತ್ತಿದ್ದರು.

ಈ ದಾರಿಯ ಮೇಲ್ಸೇತುವೆಯೊಂದರ ನೆರಳಿಗೆ ಬಿದ್ದ ಹೋಟೆಲಿನ ಮಾಲೀಕರೊಬ್ಬರನ್ನು ಊಹಿಸಿಕೊಳ್ಳಿ. ಮೊದಲು ಬಸ್ಸಿನ ಕಿಟಕಿಗೆ ನೇರವಾಗಿದ್ದ ಅವರ ಬೋರ್ಡು ಈಗ ಸೇತುವೆಯ ತಡೆಗೋಡೆಗಿಂತ ಎಷ್ಟೋ ಕೆಳಗಿದೆ. ಅದನ್ನು ಓದುವವರೆಂದರೆ ಸರ್ವಿಸ್ ರಸ್ತೆಗೆ ದಾರಿ ತಪ್ಪಿ ಇಳಿದವರು ಮತ್ತು 2023ರ ಆಗಸ್ಟ್ 1ರಿಂದ ಮುಖ್ಯ ಪಥಕ್ಕೆ ಪ್ರವೇಶ ಕಳೆದುಕೊಂಡ ಬೈಕು, ಆಟೋ, ಟ್ರ್ಯಾಕ್ಟರಿನವರು. ಬೋರ್ಡನ್ನು ತಡೆಗೋಡೆಯ ಮೇಲೆ ಇಣುಕುವಷ್ಟು ಎತ್ತರಿಸಲು ವಿನಾಯಿತಿ ಕೋರಿ ಮಾಲೀಕರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಿದರು.

ವಿಷಯ ನಿರ್ವಾಹಕರ ಮೊದಲ ಆಕ್ಷೇಪಣೆ ತಾತ್ವಿಕವಾದದ್ದು. ಎತ್ತರವನ್ನು ನೆಲಮಟ್ಟದಿಂದ ಅಳೆಯಬೇಕು. ಅರ್ಜಿದಾರರು ರಸ್ತೆಮಟ್ಟದಿಂದ ಅಳೆದಿದ್ದಾರೆ. ನೆಲ ಇದ್ದಲ್ಲೇ ಇದೆ, ಎದ್ದು ಹೋದದ್ದು ರಸ್ತೆ ಎಂದು ಮಾಲೀಕರು ವಿವರಿಸಿದಾಗ, ರಸ್ತೆಯ ಎತ್ತರ ತಮ್ಮ ವ್ಯಾಪ್ತಿಗೆ ಬರುವುದಿಲ್ಲ, ಬೋರ್ಡಿನದು ಮಾತ್ರ ಬರುತ್ತದೆ ಎಂಬ ಉತ್ತರ ದೊರೆಯಿತು. ಮದ್ದೂರು ವಡೆ 1917ರಲ್ಲಿ ರೈಲು ನಿಲ್ದಾಣದಲ್ಲಿ ಹುಟ್ಟಿತೆಂಬ ಪ್ರತೀತಿಯನ್ನು ಅರ್ಜಿಯಲ್ಲಿ ಅಭಿಮಾನದಿಂದ ಉಲ್ಲೇಖಿಸಿದ್ದೂ ಎಡವಟ್ಟಾಯಿತು: ‘ಸದರಿ ವರ್ಷದಲ್ಲಿ ನಾಮಫಲಕಕ್ಕೆ ಅನುಮತಿ ಪಡೆದ ದಾಖಲೆಯನ್ನು ಲಗತ್ತಿಸಿರುವುದಿಲ್ಲ’ ಎಂಬ ಟಿಪ್ಪಣಿ ಬಿತ್ತು. ರೈಲಿನ ಕಿಟಕಿಗೇ ಬುಟ್ಟಿ ಹಿಡಿದು ಬರುತ್ತಿದ್ದ ತಿಂಡಿಗೆ ನಾಮಫಲಕವೇ ಬೇಕಿರಲಿಲ್ಲವೆಂದು ಕಡತಕ್ಕೆ ಹೇಳುವವರಾರು?

ಅಲ್ಲಿಂದ ಕಡತ ಹೆದ್ದಾರಿಯವರ ಅಭಿಪ್ರಾಯಕ್ಕೆ ಹೋಯಿತು. ಜಾಗ ನಮ್ಮದಲ್ಲ, ನೋಟ ನಮ್ಮದು ಎಂಬುದು ಅವರ ನಿಲುವು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಸಾಗುವ ಚಾಲಕನ ಗಮನ ವಡೆಯತ್ತ ಹರಿದರೆ ಸುರಕ್ಷತೆಗೆ ಧಕ್ಕೆಯಂತೆ. ಗಮನ ಸೆಳೆಯದ ಬೋರ್ಡನ್ನು ಯಾರಾದರೂ ಏಕೆ ಬರೆಸುತ್ತಾರೆಂಬ ಪ್ರಶ್ನೆಗೆ ಸದರಿ ಅಭಿಪ್ರಾಯದಲ್ಲಿ ಜಾಗವಿರಲಿಲ್ಲ.

ಆಮೇಲೆ ಭಾಷೆಯ ಸರದಿ. ನಾಮಫಲಕದ ಮೇಲ್ಭಾಗದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂದು 2024ರ ತಿದ್ದುಪಡಿ ಹೇಳುತ್ತದೆ, ಮತ್ತು ಅದು ಒಳ್ಳೆಯ ಕಾನೂನೆಂಬುದರಲ್ಲಿ ನನಗೆ ಸಂಶಯವಿಲ್ಲ. ಮಾಲೀಕರ ಲೆಕ್ಕದಂತೆ, ಬೋರ್ಡನ್ನು ಕೋರಿದಷ್ಟೇ ಎತ್ತರಿಸಿದರೆ ಕನ್ನಡದ ಭಾಗ ತಡೆಗೋಡೆಯ ಮೇಲೂ ಇಂಗ್ಲಿಷಿನ ಭಾಗ ಕೆಳಗೂ ಉಳಿದು, ಸೇತುವೆಯ ಮೇಲಿನವರಿಗೆ ಶೇ 100ರಷ್ಟು ಕನ್ನಡವೇ ಕಾಣುತ್ತಿತ್ತು. ಕಾನೂನನ್ನು ಅಗತ್ಯಕ್ಕಿಂತ ಹೆಚ್ಚು ಪಾಲಿಸಲು ನಿಯಮದಲ್ಲಿ ಅವಕಾಶವಿದೆಯೇ ಎಂದು ತಿಳಿಯಲು ಕಡತ ಕಾನೂನು ಕೋಶದಲ್ಲಿ ಕುಳಿತಿತು.

ಅದು ಕುಳಿತಿದ್ದಾಗಲೇ ನಾಯಕರೊಬ್ಬರ ಹುಟ್ಟುಹಬ್ಬ ಬಂತು. ಹೋಟೆಲಿನೆದುರಿನ ಕಂಬಕ್ಕೆ ರಾತ್ರೋರಾತ್ರಿ ಕಟ್ಟಿದ ಫ್ಲೆಕ್ಸಿನಲ್ಲಿ ಕೈ ಮುಗಿದ ನಾಯಕರು, ಅವರ ಕಾಲ ಬಳಿ ಅಂಚೆಚೀಟಿಯ ಗಾತ್ರದ ಇಪ್ಪತ್ತೆಂಟು ಅಭಿಮಾನಿಗಳ ಮುಖಗಳು. ನಾಯಕರ ತಲೆ ಮಾತ್ರ ತಡೆಗೋಡೆಯನ್ನು ದಾಟಿ ಹೆದ್ದಾರಿಯನ್ನೇ ನೋಡುತ್ತಿತ್ತು. ಸಾರ್ವಜನಿಕ ಸ್ಥಳಗಳ ವಿರೂಪ ತಡೆಯಲು ಕರ್ನಾಟಕದಲ್ಲಿ 1981ರಿಂದಲೇ ಒಂದು ಕಾಯ್ದೆಯಿದೆ. ಆದರೆ ಅರ್ಜಿಯೇ ಇಲ್ಲದ ಮೇಲೆ ಕಡತವಿಲ್ಲ, ಕಡತವಿಲ್ಲದ ಮೇಲೆ ಆಕ್ಷೇಪಣೆಯನ್ನು ಎಲ್ಲಿ ಬರೆಯುವುದು? ಸ್ಥಳ ಪರಿಶೀಲನೆಗೆ ಬಂದ ಅಧಿಕಾರಿಗಳು ಅದೇ ಫ್ಲೆಕ್ಸಿನ ನೆರಳಿನಲ್ಲಿ ನಿಂತು, ಟೇಪು ಹಿಡಿದು ಹೋಟೆಲಿನ ಬೋರ್ಡನ್ನು ಅಳೆದು, ಎರಡೆರಡು ವಡೆ ತಿಂದು, ಮಹಜರಿಗೆ ಸಹಿ ಹಾಕಿಸಿಕೊಂಡು ತೆರಳಿದರು.

ಕೊನೆಗೆ ಬಂದ ಹಿಂಬರಹ ಅರ್ಜಿದಾರರ ಪರವಾಗಿಯೇ ಇತ್ತು. ಅಡಿಯೊಂದಕ್ಕೆ ನಿಗದಿತ ಶುಲ್ಕ ಪಾವತಿಸಿ, ಎಂಜಿನಿಯರರಿಂದ ಭದ್ರತಾ ಪ್ರಮಾಣಪತ್ರ ಪಡೆದು ಬೋರ್ಡನ್ನು ಕೋರಿದ ಎತ್ತರಕ್ಕೆ ಏರಿಸಲು ಅಭ್ಯಂತರವಿರುವುದಿಲ್ಲ. ಆದರೆ ಸದರಿ ಬೋರ್ಡು ಹೆದ್ದಾರಿಯಲ್ಲಿ ಸಂಚರಿಸುವವರಿಗೆ ಕಾಣಿಸತಕ್ಕದ್ದಲ್ಲ.