ಆಡದ ಕಾರ್ಡಿಗೆ ನೂರು ಕೋಟಿ

ಮನೆ ಬದಲಿಸುವಾಗ ಅಟ್ಟದ ಮೇಲಿಂದ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಬಿತ್ತು. ನೇರ ನನ್ನ ತಲೆ ಮೇಲೆ. ಮುಚ್ಚಳ ತೆಗೆದರೆ ಒಳಗೆ ಡಬ್ಲ್ಯೂಡಬ್ಲ್ಯೂಎಫ್ ಕುಸ್ತಿಯ ಜಟ್ಟಿಗಳಿರುವ ಟ್ರಂಪ್ ಕಾರ್ಡಿನ ಮೂರು ಕಟ್ಟು, ಬಿಗ್ ಫನ್ ಚೂಯಿಂಗ್ ಗಮ್ಮಿನ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರಗಳು, ಚಿಪ್ಸ್ ಪ್ಯಾಕೆಟ್ಟಿನಲ್ಲಿ ಸಿಕ್ಕ ಏಳೆಂಟು ಟಾಜೋ ಬಿಲ್ಲೆ. ಕಟ್ಟಿಗೆ ಹಾಕಿದ್ದ ರಬ್ಬರ್ ಬ್ಯಾಂಡು ಮುಟ್ಟಿದ ಕೂಡಲೇ ಪುಡಿಪುಡಿ.

"ಇದನ್ನೂ ಹೊಸ ಮನೆಗೆ ಹೊರ್ತೀರಾ?" ಅಂದಳು ಹೆಂಡತಿ. ವಾದ ನಡೆಯಿತು. ಕೊನೆಗೆ ರಾಜಿಯಾಯಿತು: ಒಂದು ಕಟ್ಟು ನನಗೆ, ಇನ್ನೆರಡು ಆನ್‌ಲೈನಿನಲ್ಲಿ ಮಾರಾಟಕ್ಕೆ.

ಮಾರುವ ಮೊದಲು ಬೆಲೆ ಗೊತ್ತಿರಬೇಕು ಅಲ್ವಾ? ರಾತ್ರಿ ಕೂತು ಮೊಬೈಲಿನಲ್ಲಿ ಹುಡುಕಿದೆ. ಬೆಳಗಾಗುವಷ್ಟರಲ್ಲಿ ನಾನು ಶ್ರೀಮಂತನಾಗಿದ್ದೆ.

ಅಮೆರಿಕದಲ್ಲಿ ಮಿಕಿ ಮ್ಯಾಂಟಲ್ ಅಂತ ಒಬ್ಬ ಬೇಸ್‌ಬಾಲ್ ಆಟಗಾರ ಇದ್ದ. ಅವನ ಚಿತ್ರವಿರುವ 1952ರ ಒಂದು ಕಾರ್ಡು 2022ರ ಆಗಸ್ಟ್‌ನಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ನೂರು ಕೋಟಿ ರೂಪಾಯಿ. ಅಂಗೈಯಷ್ಟೂ ಇಲ್ಲದ ರಟ್ಟಿನ ತುಂಡು! ನೂರು ಕೋಟಿಗೆ ನಮ್ಮ ಕಡೆ ಒಂದು ಸೇತುವೆ ಕಟ್ಟಬಹುದು. ಅದು ಬಿದ್ದ ಮೇಲೆ ಇನ್ನೊಂದಕ್ಕೆ ಟೆಂಡರ್ ಕರೆಯಲೂಬಹುದು.

ಇನ್ನೊಬ್ಬ ಲೋಗನ್ ಪಾಲ್. ಯೂಟ್ಯೂಬಿನವನು, ಆಮೇಲೆ ಕುಸ್ತಿಗೂ ಇಳಿದವನು. ಇವನು 2021ರಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಪಿಕಾಚು ಕಾರ್ಡು ಕೊಂಡ. ಬೆಲೆ 52.75 ಲಕ್ಷ ಡಾಲರ್. ಅದನ್ನು ಕೊರಳ ಸರಕ್ಕೆ ಹಾಕಿಕೊಂಡು 2022ರಲ್ಲಿ ರೆಸಲ್‌ಮೇನಿಯಾ ಕುಸ್ತಿಗೇ ಬಂದ. ಅಂದರೆ ನನ್ನ ಡಬ್ಬಿಯಲ್ಲಿರುವ ಜಟ್ಟಿಗಳು ಹೊಡೆದಾಡಿದ ಅದೇ ಅಖಾಡಕ್ಕೆ. ನಾವು ಜಟ್ಟಿಗಳ ಕಾರ್ಡು ಜೇಬಿನಲ್ಲಿಟ್ಟುಕೊಂಡು ಓಡಾಡಿದೆವು. ಇಲ್ಲಿ ಜಟ್ಟಿಯೇ ಕಾರ್ಡು ಕಟ್ಟಿಕೊಂಡು ಓಡಾಡಿದ.

ಆ ವ್ಯಾಪಾರದ ಒಳಗುಟ್ಟು ಇನ್ನೂ ಚೆನ್ನಾಗಿದೆ. ಅವನ ಹತ್ತಿರ ಅದೇ ಕಾರ್ಡು ಮೊದಲೇ ಒಂದಿತ್ತು. ಆದರೆ ಅದಕ್ಕೆ ಹತ್ತಕ್ಕೆ ಒಂಬತ್ತು ಅಂಕ. ಹತ್ತಕ್ಕೆ ಹತ್ತು ಬಂದ ಕಾರ್ಡು ಬೇಕು ಅಂತ ಒಂಬತ್ತರದ್ದನ್ನು ಕೊಟ್ಟು, ಮೇಲೆ 40 ಲಕ್ಷ ಡಾಲರ್ ಸೇರಿಸಿದ. ಹಳೇ ಮಿಕ್ಸಿ ಕೊಟ್ಟು ಹೊಸ ಮಿಕ್ಸಿ ತರುವ ಹಾಗೆ. ಒಂದು ಅಂಕಕ್ಕೆ ಸುಮಾರು ಮೂವತ್ತು ಕೋಟಿ ರೂಪಾಯಿ! "ತೊಂಬತ್ತೊಂಬತ್ತು ಬಂತಲ್ಲ, ಇನ್ನೊಂದು ಎಲ್ಲಿ ಹೋಯ್ತು?" ಅಂತ ಮಕ್ಕಳನ್ನು ಬೈಯುವ ನಮ್ಮ ಅಪ್ಪಂದಿರಿಗೆ ಈಗಲಾದರೂ ಮಾರ್ಕೆಟ್ ರೇಟು ತಿಳಿಯಲಿ.

ಈ ಅಂಕ ಕೊಡಲಿಕ್ಕೆಂದೇ ಕಂಪನಿಗಳಿವೆ. ನೀವು ದುಡ್ಡು ಕಟ್ಟಿ ಕಾರ್ಡು ಕಳಿಸಬೇಕು. ಅವರು ಮೂಲೆ ನೋಡುತ್ತಾರೆ, ಅಂಚು ನೋಡುತ್ತಾರೆ, ಚಿತ್ರ ನಟ್ಟನಡುವೆ ಇದೆಯಾ ಅಂತ ನೋಡುತ್ತಾರೆ. ಗೀರು, ಕಲೆ ಏನೂ ಇರಬಾರದು. ಹೆಣ್ಣು ನೋಡುವ ಶಾಸ್ತ್ರದಲ್ಲೂ ಇಷ್ಟು ಹತ್ತಿರದಿಂದ ಯಾರೂ ನೋಡುವುದಿಲ್ಲ. ಆಮೇಲೆ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಹಾಕಿ ಸೀಲು ಮಾಡುತ್ತಾರೆ. ಅಲ್ಲಿಗೆ ಆ ಕಾರ್ಡನ್ನು ಇನ್ನು ಯಾರೂ ಮುಟ್ಟುವ ಹಾಗಿಲ್ಲ. ಒಡೆಯ ಕೂಡ.

ನಾನೂ ನನ್ನ ಕಟ್ಟು ಬಿಚ್ಚಿ ಪರೀಕ್ಷೆಗೆ ಕೂತೆ. ಕಾರ್ಡಿನ ಮೇಲೆ ಬರೆದ ಅಳತೆ ಯಾರದ್ದು ದೊಡ್ಡದೋ ಅವರು ಗೆಲ್ಲುವ ಆಟ ಅದು. ಯೊಕೊಜುನಾನ ಹೊಟ್ಟೆ ಮೇಲೆ ಹುಳಿಸಾರಿನ ಕಲೆ. ತೂಕ ಅಂದರೆ ಅವನೇ ಗೆಲ್ಲುತ್ತಿದ್ದ, ಹಾಗಾಗಿ ಊಟದ ತಟ್ಟೆವರೆಗೂ ಬರುತ್ತಿದ್ದ. ಎತ್ತರಕ್ಕೆ ಜೈಂಟ್ ಗೊಂಜಾಲೆಸ್. ಅವನ ಎರಡು ಮೂಲೆ ಹಲ್ಲಿನಲ್ಲಿ ಕಚ್ಚಿದ್ದು, ಹಲ್ಲು ನನ್ನದೇ. ಹಲ್ಕ್ ಹೋಗನ್‌ಗೆ ಮೀಸೆ ಇದ್ದರೂ ಸಾಲದು ಅಂತ ಬಾಲ್ ಪೆನ್ನಿನಲ್ಲಿ ಗಡ್ಡ ಬರೆದಿದ್ದೆ. ಅಂಡರ್‌ಟೇಕರ್ ಕಳೆದುಹೋಗಿದ್ದ. ಅವನ ಜಾಗದಲ್ಲಿ ಚಿಕ್ಕಪ್ಪನ ಲಗ್ನಪತ್ರಿಕೆ ಕತ್ತರಿಸಿ ಮಾಡಿದ ಕಾರ್ಡಿತ್ತು. ಒಂದು ಬದಿಯಲ್ಲಿ ಎದೆ ಸುತ್ತಳತೆ 98 ಇಂಚು, ಇನ್ನೊಂದು ಬದಿಯಲ್ಲಿ "ಆಗಮನಾಭಿಲಾಷಿಗಳು". ಸುತ್ತಳತೆ ಮೊದಲು 58 ಇತ್ತು. ಒಂದು ಭಾನುವಾರ ಸೋಲುವ ಹಾಗಾದಾಗ ತಿದ್ದಿದ್ದು.

ಅಂಕ? ಸೊನ್ನೆ. ಯಾಕೆಂದರೆ ನಾನು ಆಟದ ಕಾರ್ಡಿನಲ್ಲಿ ಆಟ ಆಡಿಬಿಟ್ಟಿದ್ದೆ. ಆ ವ್ಯಾಪಾರದಲ್ಲಿ ಇದಕ್ಕಿಂತ ದೊಡ್ಡ ಅಪರಾಧ ಇಲ್ಲ. ನಮ್ಮ ಕ್ಲಾಸಿನಲ್ಲಿ ಒಬ್ಬನಿದ್ದ. ಕಾರ್ಡು ತರುತ್ತಿದ್ದ, ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ, ತಾನೂ ಆಡುತ್ತಿರಲಿಲ್ಲ. ಅವನನ್ನು ನಾವು ಜಿಪುಣ ಅಂತಿದ್ದೆವು. ಅವನು ಇನ್ವೆಸ್ಟರ್ ಆಗಿದ್ದ.

ಮುಟ್ಟದ ಕಾರ್ಡಿನ ಹಾಗೆ ಬಿಚ್ಚದ ಪೆಟ್ಟಿಗೆಗೂ ಬೆಲೆ. ಅದೇ ಲೋಗನ್ ಪಾಲ್ 35 ಲಕ್ಷ ಡಾಲರ್ ಕೊಟ್ಟು ಪೋಕೆಮಾನ್ ಕಾರ್ಡಿನ ಸೀಲು ಮಾಡಿದ ಪೆಟ್ಟಿಗೆ ಕೊಂಡಿದ್ದ. ತಜ್ಞರು ಅಸಲಿ ಅಂದಿದ್ದರು. 2022ರ ಜನವರಿಯಲ್ಲಿ ಬಿಚ್ಚಿದ. ಒಳಗೆ ಜಿ.ಐ. ಜೋ ಅನ್ನುವ ಆಟಿಕೆ ಸೈನಿಕರ ಕಾರ್ಡುಗಳು! ನನಗನ್ನಿಸುವುದು, ತಪ್ಪು ಮೋಸ ಮಾಡಿದವನದ್ದಲ್ಲ, ಬಿಚ್ಚಿದವನದ್ದು. ಬಿಚ್ಚದೆ ಇನ್ನೊಬ್ಬನಿಗೆ ಮಾರಿದ್ದರೆ ಇಬ್ಬರೂ ಸುಖವಾಗಿರುತ್ತಿದ್ದರು.

ಈ ಬೆಲೆ ಏರಿಸುವವರು ಯಾರು ಅಂತ ಕೇಳಿದರೆ ಹರಾಜಿನವರು ಅಂತೀರಿ. ಅಲ್ಲ, ಅಮ್ಮಂದಿರು. ಮಗ ಕಾಲೇಜಿಗೆ ಹೋದ ಕೂಡಲೇ ಅವನ ಕಾರ್ಡುಗಳನ್ನು ಕಸಕ್ಕೆ ಹಾಕಿದ ಅಮ್ಮಂದಿರು ಅಮೆರಿಕದಲ್ಲೂ ಬೇಕಾದಷ್ಟಿದ್ದರು. ಮ್ಯಾಂಟಲ್ ಕಾರ್ಡು ಅಚ್ಚು ಹಾಕಿದ ಟಾಪ್ಸ್ ಕಂಪನಿಯದ್ದೂ ತಾಯಿಹೃದಯವೇ. ಮಾರಾಟವಾಗದೆ ಉಳಿದ 1952ರ ಕಾರ್ಡುಗಳನ್ನು 1960ರಲ್ಲಿ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆ ಅಂತ ಕಂಪನಿಯ ಸೈ ಬರ್ಗರ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಗೋಡೌನಿನಲ್ಲಿ ಜಾಗ ಬೇಕಿತ್ತಂತೆ. ಆ ರಾಶಿಯಲ್ಲಿ ಮ್ಯಾಂಟಲ್ ಕೂಡ ಇದ್ದ. ಮೀನುಗಳ ಹತ್ತಿರ ಇರುವ ಆಸ್ತಿ ನಮ್ಮ ಯಾವ ಶಾಸಕರ ಅಫಿಡವಿಟ್ಟಿನಲ್ಲೂ ಇಲ್ಲ.

ಇದನ್ನು ಕೇಳಿದ ಮುಂದಿನ ತಲೆಮಾರು ಜಾಣರಾದರು. ಎಂಬತ್ತರ ದಶಕದ ಕೊನೆಯಿಂದ ಎಲ್ಲರೂ ಕಾರ್ಡು ಕೊಂಡು, ಮುಟ್ಟದೆ, ಒದ್ದೆಯಾಗದ ಹಾಗೆ ಜೋಪಾನ ಮಾಡಿದರು. ಕಂಪನಿಗಳೂ ಕೋಟಿಗಟ್ಟಲೆ ಅಚ್ಚು ಹಾಕಿದವು. ಈಗ ಆ ಕಾಲದ ಬಹುಪಾಲು ಕಾರ್ಡುಗಳಿಗೆ ಕವಡೆ ಕಾಸಿನ ಬೆಲೆಯಿಲ್ಲ. ಎಲ್ಲರ ಹತ್ತಿರವೂ ಇದೆ!

ನಮ್ಮಮ್ಮ ನನ್ನ ನಾಲ್ಕನೇ ಕಟ್ಟನ್ನು ಹಳೇ ನೋಟ್ ಪುಸ್ತಕಗಳ ಜೊತೆ ತೂಕಕ್ಕೆ ಹಾಕಿ ಪ್ಲಾಸ್ಟಿಕ್ ಬಕೆಟ್ ತಗೊಂಡಿದ್ದರು. ಆಗ ಎರಡು ದಿನ ಊಟ ಬಿಟ್ಟಿದ್ದೆ. ಅವರು ಸುಮ್ನೆ ಮಾರ್ಕೆಟ್ಟಿನಲ್ಲಿ ಸ್ಟಾಕು ಕಡಿಮೆ ಮಾಡುತ್ತಿದ್ದರು ಅಂತ ನನಗೇನು ಗೊತ್ತಿತ್ತು!

ಸರಿ, ಎರಡು ಕಟ್ಟಿಗೆ 4,000 ರೂಪಾಯಿ ಅಂತ ಹಾಕಿದೆ. ನೂರು ಕೋಟಿಗೆ ಹೋಲಿಸಿದರೆ ದಾನ. ಹತ್ತು ನಿಮಿಷಕ್ಕೆ ಮೆಸೇಜು ಶುರು.

"ಇದ್ಯಾ?"

"ಲಾಸ್ಟ್ ಎಷ್ಟು?"

"ನೂರೈವತ್ತಕ್ಕೆ ಕೊಡ್ತೀರಾ? ನಾನೇ ಬಂದು ತಗೊಂಡು ಹೋಗ್ತೀನಿ, ಪೆಟ್ರೋಲ್ ನಿಮ್ದು."

"ನನ್ನ ಹತ್ರ ಹಳೇ ಕೂಲರ್ ಇದೆ ಬ್ರೋ, ಎಕ್ಸ್‌ಚೇಂಜ್ ಮಾಡ್ಕೊಳ್ಳೋಣ್ವಾ?"

ಒಬ್ಬ ಮಾತ್ರ ಬಲು ಸಂಭಾವಿತ. ತಾನು ಆರ್ಮಿಯಲ್ಲಿದ್ದೀನಿ, ಬೇರೆ ಕಡೆ ಪೋಸ್ಟಿಂಗ್ ಆಗಿದೆ, ಮಗನಿಗೆ ಬೇಕು, 4,000 ಫೈನಲ್ ಅಂದ. ಕೇಳದಿದ್ದರೂ ಐಡಿ ಕಾರ್ಡಿನ ಫೋಟೋ ಕಳಿಸಿದ. ಚೌಕಾಸಿಯೇ ಮಾಡಲಿಲ್ಲ ಅನ್ನುವಾಗಲೇ ನನಗೆ ಅನುಮಾನ ಬರಬೇಕಿತ್ತು. ಐದು ನಿಮಿಷಕ್ಕೆ ಒಂದು ಕ್ಯೂಆರ್ ಕೋಡ್ ಬಂತು. "ಸ್ಕ್ಯಾನ್ ಮಾಡಿ ಪಿನ್ ಹಾಕಿ ಸರ್, ದುಡ್ಡು ನಿಮ್ಮ ಅಕೌಂಟಿಗೆ ಬರುತ್ತೆ." ಯುಪಿಐನಲ್ಲಿ ದುಡ್ಡು ಬರಲು ಪಿನ್ ಬೇಕಿಲ್ಲ, ಹೋಗಲು ಬೇಕು. "ಪಿನ್ ಯಾಕೆ?" ಅಂದೆ. ಸೈನಿಕ ಹಿಮ್ಮೆಟ್ಟಿದ. ನೋಡಿ, ಆ ಅಷ್ಟೂ ಜನರಲ್ಲಿ ನನ್ನ ಕಾರ್ಡಿಗೆ ನಾಲ್ಕು ಸಾವಿರದ ಬೆಲೆ ಇದೆ ಅಂತ ಒಪ್ಪಿದವನು ಆ ಕಳ್ಳನೊಬ್ಬನೇ.

ಮೂರನೇ ದಿನ ನಿಜವಾದ ಸಂಗ್ರಾಹಕನೊಬ್ಬ ಸಿಕ್ಕಿದ. ಕಾರ್ಡಿನ ಫೋಟೋ ನೋಡಿ ಅರ್ಧ ಗಂಟೆ ಮೌನ. ಆಮೇಲೆ ಕೇಳಿದ: "ಇದರ ಜೊತೆ ಬರ್ತಿದ್ದ ಪ್ಲಾಸ್ಟಿಕ್ ಡಬ್ಬಿ ಇದ್ಯಾ ಸರ್? ಡಬ್ಬಿ ಒಂದಕ್ಕೇ ಆರುನೂರು ಕೊಡ್ತೀನಿ. ಕಾರ್ಡು ನೀವೇ ಇಟ್ಕೊಳ್ಳಿ."

ಊರಿಗೆ ಫೋನ್ ಮಾಡಿದೆ.

"ಆ ನೀಲಿ ಡಬ್ಬೀನಾ? ನನ್ನ ಹತ್ರಾನೇ ಇದೆ. ಸೂಜಿ, ಗುಂಡಿ ಹಾಕಿಟ್ಟಿದ್ದೀನಿ" ಅಂದರು ಅಮ್ಮ.

"ಯಾರೋ ಆರುನೂರು ಕೊಡ್ತಾರಂತಮ್ಮ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ಹಾಕಿದ ಸದ್ದು ಮಾತ್ರ ಕೇಳಿಸಿತು.

"ಬಿರುಕು ಏನೂ ಬಿಟ್ಟಿಲ್ಲ ಕಣೋ. ಹೊಸದರ ಹಾಗೇ ಇದೆ. ಈಗ್ಲೇ ಹೂಂ ಅನ್ಬೇಡ, ಇನ್ನೂ ಏರುತ್ತೆ."