ಬೆಸುಗೆಯೇ ಇಲ್ಲದ ಪೈಪು

ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋ ಊರಿನ ನೆಲದಡಿ ಒಂದು ಅಪರೂಪದ ಪೈಪು ಮಲಗಿತ್ತು. 1956ರಲ್ಲಿ ಹೂಳಿದ್ದು, 30 ಇಂಚು ವ್ಯಾಸ, ಒಳಗೆ ನೈಸರ್ಗಿಕ ಅನಿಲ. ಅದರ ಒಡೆಯರಾದ ಪಿಜಿ ಅಂಡ್ ಇ ಕಂಪನಿಯ ದಾಖಲೆ ತೆರೆದರೆ ಪೈಪಿನ ಉದ್ದಕ್ಕೂ ಬೆಸುಗೆಯೇ ಇಲ್ಲ, ಬಿದಿರಿನ ಹಾಗೆ ಅಖಂಡ. 2010ರ ಸೆಪ್ಟೆಂಬರ್ 9ರ ಸಂಜೆ ಈ ಪೈಪು ಸಿಡಿಯಿತು. ಎಲ್ಲಿ ಸಿಡಿಯಿತು ಎಂದರೆ, ಇಲ್ಲದ ಆ ಬೆಸುಗೆಯಲ್ಲೇ.

ಎಂಟು ಜನ ಸತ್ತರು, 38 ಮನೆಗಳು ನಾಶವಾದವು. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ನನಗೆ ನಗು ಬರುವುದು ಆ ದಾಖಲೆಯನ್ನು ನೋಡಿದಾಗ. ಪೈಪು ಹಾಕಿದ ಕಾಲದಲ್ಲಿ 30 ಇಂಚಿನ ಬೆಸುಗೆರಹಿತ ಪೈಪನ್ನು ಮಾನದಂಡದ ಪ್ರಕಾರ ತಯಾರಿಸುವ ಕಾರ್ಖಾನೆಯೇ ಅಮೆರಿಕದಲ್ಲಿ ಇರಲಿಲ್ಲ ಎಂದು ಅಪಘಾತದ ತನಿಖೆ ನಡೆಸಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಹೇಳಿತು. ಅಂದರೆ ದಾಖಲೆಯಲ್ಲಿ ಇದ್ದದ್ದು ನೆಲದಲ್ಲಿ ಇರಲಿಲ್ಲ, ನೆಲದಲ್ಲಿ ಇದ್ದದ್ದು ದಾಖಲೆಯಲ್ಲಿ ಇರಲಿಲ್ಲ. ನಿಯಂತ್ರಕರು ಅಷ್ಟೂ ವರ್ಷ ಮೇಲ್ವಿಚಾರಣೆ ನಡೆಸಿದ್ದು ಈ ದಾಖಲೆಯ ಮೇಲೆ. ಅವರನ್ನು ದೂರಿ ಫಲವಿಲ್ಲ. ಕಾಗದಕ್ಕೆ ತುಕ್ಕು ಹಿಡಿಯುವುದಿಲ್ಲ, ಅದು ಸೋರುವುದೂ ಇಲ್ಲ. ಪರಿಶೀಲನೆಗೆ ಅದಕ್ಕಿಂತ ವಿಧೇಯ ವಸ್ತು ಇನ್ನೇನಿದೆ?

ನೀರು ತುಂಬಿಸಿ ಒತ್ತಡ ಪರೀಕ್ಷೆ ಮಾಡಿದ್ದರೆ ಬಂಡವಾಳ ಬಯಲಾಗುತ್ತಿತ್ತಲ್ಲ ಎಂದು ಕೇಳಬಹುದು. 1970ರ ಕೇಂದ್ರ ನಿಯಮ ಆ ಪರೀಕ್ಷೆಯನ್ನು ಕಡ್ಡಾಯ ಮಾಡಿದ್ದು ಹೊಸ ಪೈಪುಗಳಿಗೆ. ಆಗಲೇ ಹೂತಿದ್ದವುಗಳಿಗೆ ವಿನಾಯಿತಿ. ಇದನ್ನು ಅಲ್ಲಿನವರು ಅಜ್ಜನ ಹೆಸರಿನಲ್ಲೇ ಕರೆಯುತ್ತಾರೆ, ಅಜ್ಜನ ಕಲಮು. ಎಂಥ ಹಿರಿಯರ ಮೇಲಿನ ಗೌರವ! ಮೊಮ್ಮಗನ ರಕ್ತದೊತ್ತಡ ಕಡ್ಡಾಯವಾಗಿ ನೋಡಿ. ಅಜ್ಜನದು ಬೇಡ, ಅವರು ಹಳಬರು, ಇಷ್ಟು ದಿನ ಬದುಕಿದ್ದಾರಲ್ಲ.

ಆಮೇಲೆ ಶಿಕ್ಷೆಯೂ ಆಯಿತು. ರಾಜ್ಯದ ನಿಯಂತ್ರಣ ಆಯೋಗ 2015ರಲ್ಲಿ 160 ಕೋಟಿ ಡಾಲರ್ ದಂಡ ಹಾಕಿತು. ಸಣ್ಣ ಮೊತ್ತವೇನಲ್ಲ, ಒಪ್ಪುತ್ತೇನೆ. ಆದರೆ ಅದಕ್ಕೆ ಮೊದಲೇ, 2014ರಲ್ಲಿ, ಆಯೋಗಕ್ಕೂ ಕಂಪನಿಗೂ ನಡುವೆ ಓಡಾಡಿದ ಇಮೇಲ್‌ಗಳು ಹೊರಬಿದ್ದಿದ್ದವು. ಆಯೋಗದ ಮುಂದಿಟ್ಟ ತನ್ನ ಅನಿಲ ದರದ ಅರ್ಜಿಯನ್ನು ಅಲ್ಲಿನ ಯಾವ ನ್ಯಾಯಾಧೀಶರು ಕೇಳಬೇಕು ಎಂಬುದನ್ನು ಕಂಪನಿ ಆಯೋಗದವರೊಂದಿಗೆ ಚರ್ಚಿಸಿತ್ತು. ಬೀಗರ ನಡುವೆ ಮುಹೂರ್ತ ಗೊತ್ತುಮಾಡುವಾಗಲೂ ಇಷ್ಟು ಸಲಿಗೆ ಇರುವುದಿಲ್ಲ. ಇನ್ನು ಕ್ರಿಮಿನಲ್ ನ್ಯಾಯಾಲಯ 2017ರಲ್ಲಿ 30 ಲಕ್ಷ ಡಾಲರ್ ದಂಡ ವಿಧಿಸಿ, ಜೊತೆಗೆ 10,000 ಗಂಟೆ ಸಮುದಾಯ ಸೇವೆಯನ್ನೂ ಹೇಳಿತು. ಕಂಪನಿ ಎಂಬ ಕೈಕಾಲಿಲ್ಲದ ಜೀವಿ ಪೊರಕೆ ಹಿಡಿಯುವುದು ಹೇಗೆ ಎಂದು ನಾನು ಇಂದಿಗೂ ಯೋಚಿಸುತ್ತಿದ್ದೇನೆ.

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಸ್ಯಾನ್ ಬ್ರೂನೋದಲ್ಲಿ ಆ ಬಾಗಿಲು ಹಾಕುವುದಕ್ಕೇ 95 ನಿಮಿಷ ಹಿಡಿಯಿತು. ಮೆಕ್ಯಾನಿಕ್‌ಗಳು ಗಾಡಿ ಹತ್ತಿ ಹೋಗಿ ಕವಾಟಗಳನ್ನು ಕೈಯಿಂದ ತಿರುಗಿಸುವವರೆಗೆ ಬೆಂಕಿಗೆ ಅನಿಲ ಸರಬರಾಜಾಗುತ್ತಲೇ ಇತ್ತು. ಇದು ಮೊದಲ ಪಾಠವೂ ಆಗಿರಲಿಲ್ಲ. 1994ರಲ್ಲಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಪೈಪು ಸಿಡಿದಾಗ ಅನಿಲ ನಿಲ್ಲಿಸಲು ಎರಡೂವರೆ ಗಂಟೆ ಬೇಕಾಗಿತ್ತು. ದೂರದಿಂದಲೇ ಮುಚ್ಚುವ ಅಥವಾ ತಾನಾಗಿ ಮುಚ್ಚಿಕೊಳ್ಳುವ ಕವಾಟ ಹಾಕಿಸಿ, ಬೇಗ ಮಾಡಿ ಎಂದು ಸುರಕ್ಷತಾ ಮಂಡಳಿ ಆಗಲೇ ಹೇಳಿತ್ತು. ಹೇಳುವುದಷ್ಟೇ ಮಂಡಳಿಯ ಕೆಲಸ. ನಿಯಮ ಮಾಡುವ ಕಚೇರಿ ಬೇರೆ, ಅದಕ್ಕೆ ಅವಸರವಿಲ್ಲ. ನಿಯಮ ಬಂದದ್ದು 2022ರಲ್ಲಿ. ಅದೂ ಹೊಸದಾಗಿ ಹಾಕುವ ಮತ್ತು ಬದಲಿಸುವ ಪೈಪುಗಳಿಗೆ. ಅಜ್ಜಂದಿರು ಮತ್ತೆ ಬಚಾವ್.

ಆ ನಿಯಮದಲ್ಲೊಂದು ಸೊಗಸಿದೆ. ಪೈಪು ಒಡೆದದ್ದನ್ನು ಗುರುತಿಸಿದ 30 ನಿಮಿಷದೊಳಗೆ ಕವಾಟ ಮುಚ್ಚಬೇಕು. ಗುರುತಿಸಲು ಎಷ್ಟು ಹೊತ್ತು? ಕರಡಿನಲ್ಲಿ 10 ನಿಮಿಷ ಎಂದಿತ್ತು. ಅಂತಿಮ ನಿಯಮದಲ್ಲಿ ಆ ಹತ್ತು ನಿಮಿಷ ಕಾಣೆಯಾಗಿದೆ.

ಸ್ಯಾನ್ ಬ್ರೂನೋಗಿಂತ ಆರು ವಾರ ಮೊದಲು, 2010ರ ಜುಲೈ 25ರಂದು, ಮಿಶಿಗನ್‌ನ ಮಾರ್ಶಲ್ ಬಳಿ ಎನ್‌ಬ್ರಿಡ್ಜ್ ಕಂಪನಿಯ ಎಣ್ಣೆ ಪೈಪು ಬಾಯಿಬಿಟ್ಟಿತ್ತು. ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿತು. ಪೈಪಿನೊಳಗೆ ಗುಳ್ಳೆಯಾಗಿರಬೇಕು ಎಂದುಕೊಂಡರು. ಗುಳ್ಳೆ ಹೋಗಲಿ ಎಂದು ಪಂಪು ಚಾಲೂ ಮಾಡಿದರು. ಗಂಟೆ ಮತ್ತೆ ಬಾರಿಸಿತು. ಮತ್ತೊಮ್ಮೆ ಪಂಪು ಮಾಡಿದರು. ಹೊರಬಿದ್ದ 8 ಲಕ್ಷ 40 ಸಾವಿರಕ್ಕೂ ಹೆಚ್ಚು ಗ್ಯಾಲನ್ ಎಣ್ಣೆಯಲ್ಲಿ ಬಹುಪಾಲು ಹರಿದದ್ದು ಈ ಎರಡು ಚಿಕಿತ್ಸೆಗಳಿಂದಲೇ. ಪೈಪು ಒಡೆದ ಹದಿನೇಳು ಗಂಟೆಯ ನಂತರ ಇನ್ನೊಂದು ಕಂಪನಿಯ ನೌಕರನೊಬ್ಬ ಫೋನ್ ಮಾಡಿ, ಎಣ್ಣೆ ಹಳ್ಳಕ್ಕಿಳಿದಿದೆ ಎಂದು ತಿಳಿಸಿದ. ಕೆಲವೇ ನಿಮಿಷಗಳಲ್ಲಿ ಕವಾಟಗಳನ್ನು ಮುಚ್ಚತೊಡಗಿದರು.

ಗುರುತಿಸಿದ ಕ್ಷಣದಿಂದ ಲೆಕ್ಕ ಹಾಕಿದರೆ, ಹನ್ನೆರಡು ವರ್ಷ ಮುಂಚಿತವಾಗಿಯೇ ನಿಯಮಪಾಲನೆ.