ಅಂಗಡಿಯ ಗೋಡೆ ಯಾರದು?

ಸಿಯಾಟಲ್‌ಗೆ ಬಂದ ನಮ್ಮ ಕನ್ನಡದವರಲ್ಲಿ ಅನೇಕರಿಗೆ ಸೆಂಟ್ರಲ್ ಡಿಸ್ಟ್ರಿಕ್ಟ್ ಎಂದರೆ ಕಚೇರಿಗೆ ಹತ್ತಿರದ, ಬಾಡಿಗೆ ದುಬಾರಿಯಾದ ಒಂದು ಬಡಾವಣೆ. ನನಗೂ ಅಷ್ಟೇ ಗೊತ್ತಿತ್ತು. ಒಂದು ಸಂಜೆ ಈಸ್ಟ್ ಯೂನಿಯನ್ ರಸ್ತೆಯ ಕಟ್ಟಡವೊಂದರ ನೆಲಮಹಡಿಯಲ್ಲಿ ಊಟಕ್ಕೆ ಕುಳಿತಾಗ ಅಲಸಂದೆ ಕಾಳು ರುಬ್ಬಿದ ಹಮ್ಮಸ್ ತಂದಿಟ್ಟರು. ಅಮ್ಮ ಹುಳಿಗೆ ಹಾಕುತ್ತಿದ್ದ ಅದೇ ಕಾಳು. ಅದರ ತವರು ಆಫ್ರಿಕಾ.

ಆ ಕಟ್ಟಡದ ಹೆಸರು ಲಿಬರ್ಟಿ ಬ್ಯಾಂಕ್ ಬಿಲ್ಡಿಂಗ್. 1968ರಲ್ಲಿ ಅದೇ ಮೂಲೆಯಲ್ಲಿ ಲಿಬರ್ಟಿ ಬ್ಯಾಂಕ್ ಹುಟ್ಟಿತ್ತು. ಅಮೆರಿಕದ ಈ ವಾಯವ್ಯ ಮೂಲೆಯಲ್ಲಿ ಕಪ್ಪು ಜನರ ಒಡೆತನದ ಮೊದಲ ಬ್ಯಾಂಕ್ ಅದು. ಕಪ್ಪು ಜನರಿಗೆ ಮನೆ ಮಾರಕೂಡದೆಂದು ಕ್ರಯಪತ್ರದಲ್ಲೇ ಷರತ್ತು ಬರೆಯುತ್ತಿದ್ದ ನಗರವಿದು. ಹಾಗೆ ಅವರನ್ನು ಸೆಂಟ್ರಲ್ ಡಿಸ್ಟ್ರಿಕ್ಟ್ ಎಂಬ ಒಂದೇ ಕಡೆಗೆ ಒತ್ತರಿಸಿದರು. ಆಮೇಲೆ ಸಾಲಕ್ಕೆ ಅಪಾಯದ ಜಾಗವೆಂದು ಆ ಪ್ರದೇಶಕ್ಕೇ ನಕ್ಷೆಯಲ್ಲಿ ಕೆಂಪು ಬಳಿದರು, ಬ್ಯಾಂಕುಗಳು ಸಾಲ ಕೊಡದೆ ಅಲ್ಲಿನವರ ಕೈಕಟ್ಟಿಹಾಕಿದವು. ಇದಕ್ಕೆ ಅನ್ಯಾಯ ಎನ್ನದೆ ಬೇರೆ ಹೆಸರಿಲ್ಲ.

1970ರ ಸುಮಾರಿಗೆ ಅಲ್ಲಿ ಹತ್ತರಲ್ಲಿ ಏಳು ಮಂದಿ ಕಪ್ಪು ಜನರಿದ್ದರು. ಈಗ ಐವರಲ್ಲಿ ಒಬ್ಬರೂ ಇಲ್ಲ. ಬ್ಯಾಂಕ್ 1988ರಲ್ಲಿ ಮುಚ್ಚಿತು. ತಂತ್ರಜ್ಞಾನ ಕಂಪನಿಗಳ ಸಂಬಳ ಊರಿಗೆ ಹರಿದು ಬಂತು, ಬಾಡಿಗೆ ಏರಿತು, ಹಳಬರು ದಕ್ಷಿಣದ ರೆಂಟನ್, ಕೆಂಟ್ ಕಡೆಗೆ ಗಂಟುಮೂಟೆ ಕಟ್ಟಿದರು. ಆ ಸಂಬಳದಲ್ಲಿ ನನ್ನದೂ ಇದೆ.

ಕಪ್ಪು ಜನರ ಅಂಗಡಿಯಲ್ಲಿ ಕೊಳ್ಳೋಣ ಎಂಬ ಕರೆ ಆಗಾಗ ಕೇಳುತ್ತದೆ. ಕೊಳ್ಳಲೇಬೇಕು. ಆದರೆ ವ್ಯಾಪಾರ ಚೆನ್ನಾಗಿ ಕುದುರಿ ಬೀದಿಗೆ ಕಳೆ ಬಂದರೆ ಮೊದಲು ಹೆಚ್ಚುವುದು ಆ ಅಂಗಡಿಯ ಬಾಡಿಗೆಯೇ. ಗೋಡೆ ಬೇರೆಯವರದ್ದಾಗಿರುವಷ್ಟು ದಿನ, ಅಂಗಡಿಯವನು ತನ್ನ ಬೆವರಿನಿಂದಲೇ ತನ್ನನ್ನು ಹೊರಗೆ ತಳ್ಳಿಕೊಳ್ಳುತ್ತಾನೆ. ಗಿರಾಕಿಗಳ ಒಳ್ಳೆಯತನ ಇದನ್ನು ತಡೆಯಲಾರದು. ಜಾಗದ ಒಡೆತನ ಸಮುದಾಯದ ಕೈಗೆ ಬರಬೇಕು.

ಲಿಬರ್ಟಿ ಬ್ಯಾಂಕ್ ಬಿಲ್ಡಿಂಗ್ ನನಗೆ ಮುಖ್ಯವಾಗುವುದು ಇದಕ್ಕೇ. 2019ರಲ್ಲಿ ತೆರೆದ ಇದರಲ್ಲಿ ಕಡಿಮೆ ಆದಾಯದವರಿಗಾಗಿ 115 ಮನೆಗಳಿವೆ, ಕೆಳಗಿನ ಮಳಿಗೆಗಳನ್ನು ಕಪ್ಪು ಜನರ ವ್ಯಾಪಾರಗಳಿಗೆಂದೇ ಇಟ್ಟರು. ರಸ್ತೆಯಾಚೆ ದಶಕಗಳಿಂದಿದ್ದ ಕ್ಷೌರದಂಗಡಿಯೊಂದು, ಅಲ್ಲಿನ ಹಳೆಯ ಮಳಿಗೆಗಳು ನೆಲಸಮವಾಗುವ ಕಾಲಕ್ಕೆ ಇಲ್ಲಿಗೆ ಬಂದು ಉಳಿದುಕೊಂಡಿತು. ಊರು ಬಿಟ್ಟು ದೂರ ಹೋದವರಿಗೆ ಹಳೆಯ ನೆರೆಹೊರೆಯವರ ಮುಖ ಕಾಣಲು ಅಂಥ ಕುರ್ಚಿ ಬೇಕು. ಸಮುದಾಯದ ಸಂಸ್ಥೆಯಾದ ಆಫ್ರಿಕಾಟೌನ್ ಮುಂದೆ ಈ ಕಟ್ಟಡದ ಒಡೆತನ ಪಡೆಯಲು ಒಪ್ಪಂದದಲ್ಲಿ ದಾರಿ ಇಟ್ಟಿದ್ದಾರೆ. ಆ ಕ್ರಯಪತ್ರಕ್ಕೆ ಸಹಿ ಬೀಳುವ ದಿನಕ್ಕಾಗಿ ನಾನು ಕಾಯುತ್ತಿದ್ದೇನೆ.